ಏರ್‌ಫಿಕ್ಸ್: ಪೆಟ್ಟಿಗೆ ಹೊಸದು, ಅಚ್ಚು ಯಾವ ಕಾಲದ್ದು?

#1 ಹೊಸಬ_72

ಎಲ್ಲರಿಗೂ ನಮಸ್ಕಾರ. ಏರ್‌ಫಿಕ್ಸ್ ಅಂದರೆ ಪ್ಲಾಸ್ಟಿಕ್ ಭಾಗ ಅಂಟಿಸಿ ಪುಟ್ಟ ವಿಮಾನ, ಟ್ಯಾಂಕು ಕಟ್ಟುವ ಕಿಟ್ ಮಾಡುವ ಬ್ರಿಟಿಷ್ ಕಂಪನಿ. ಏರ್‌ಫಿಕ್ಸ್‌ನ 1/72 ಅಳತೆಯ (ನಿಜ ವಿಮಾನದ 72ನೇ ಒಂದು ಭಾಗ) ಎರಡು ಕಿಟ್ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಕಂಪನಿಯದ್ದು ಅಂತ ನಂಬೋದೇ ಕಷ್ಟ. ಒಂದರಲ್ಲಿ ರೆಕ್ಕೆಯ ಗೆರೆಗಳು ಉಬ್ಬಿಕೊಂಡಿವೆ, ಭಾಗಗಳ ಅಂಚಿಗೆಲ್ಲ ಪೊರೆಯಂಥ ಪ್ಲಾಸ್ಟಿಕ್. ಇನ್ನೊಂದರಲ್ಲಿ ಗೆರೆ ಒಳಗೆ ಕೊರೆದಿದೆ, ಅಂಚು ಚೊಕ್ಕವಾಗಿದೆ. ಪೆಟ್ಟಿಗೆ ಎರಡೂ ಹೊಸವೇ, ಬಣ್ಣದ ಚಿತ್ರ ಎರಡರಲ್ಲೂ ಜೋರಾಗಿದೆ. ಮೂರು ಪ್ರಶ್ನೆ: ಈ ವ್ಯತ್ಯಾಸ ಯಾಕೆ? ಕೊಳ್ಳುವ ಮೊದಲೇ ಅಚ್ಚಿನ ವಯಸ್ಸು ಗೊತ್ತಾಗೋದು ಹೇಗೆ? ಹಳೇ ಅಚ್ಚಿನ ಕಿಟ್ ಕೈಗೆ ಬಂದರೆ ಸರಿ ಮಾಡೋದು ಹೇಗೆ?

#2 ಹಳೇಸ್ಪ್ರೂ

ಮೂರನೆಯದಕ್ಕೆ ನಮ್ಮ ಉಜ್ಜುವ ಗುಂಪಿನವರು ಬರ್ತಾರೆ. ಮೊದಲೆರಡಕ್ಕೆ ಚರಿತ್ರೆಯೇ ಉತ್ತರ. ಏರ್‌ಫಿಕ್ಸ್ ಅಂದರೆ ಕಂಪನಿ ಅನ್ನೋದಕ್ಕಿಂತ ಒಂದು ರಾಶಿ ಉಕ್ಕಿನ ಅಚ್ಚು ಅಂತ ತಿಳ್ಕೊಳ್ಳಿ. ಮಾಲೀಕರು ಬದಲಾದರು, ಊರು ಬದಲಾಯಿತು, ದೇಶವೂ ಬದಲಾಯಿತು. ಅಚ್ಚುಗಳು ಲಾರಿ ಹತ್ತಿ ಇಳಿದು ಇವತ್ತಿಗೂ ದುಡೀತಿವೆ.

ಶುರು ಮಾಡಿದ್ದು ಹಂಗೇರಿಯಿಂದ ಬಂದ ನಿಕೊಲಸ್ ಕೋವ್, 1939ರಲ್ಲಿ, ಲಂಡನ್ನಿನಲ್ಲಿ. ಆಗ ಮಾಡ್ತಿದ್ದದ್ದು ಗಾಳಿ ತುಂಬಿದ ರಬ್ಬರ್ ಆಟಿಕೆ. ಹೆಸರಿನ 'ಏರ್' ಆ ಗಾಳಿಯೇ ಹೊರತು ವಿಮಾನವಲ್ಲ. ವ್ಯಾಪಾರಿಗಳ ಡೈರೆಕ್ಟರಿಯಲ್ಲಿ ಇಂಗ್ಲಿಷ್ ವರ್ಣಮಾಲೆಯ ಪ್ರಕಾರ ಮೊದಲೇ ಕಾಣಿಸಿಕೊಳ್ಳಲಿ ಅನ್ನೋ ಲೆಕ್ಕಾಚಾರವೂ ಆ ಹೆಸರಿನ ಹಿಂದಿತ್ತು. 1947ರಲ್ಲಿ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ (ಕರಗಿದ ಪ್ಲಾಸ್ಟಿಕ್ ಅಚ್ಚಿಗೆ ನುಗ್ಗಿಸೋದು) ಬಂತು, ಬಾಚಣಿಗೆ ಶುರುವಾಯಿತು. ವಿಮಾನದ ಕಂಪನಿ ಅಂತ ಪೂಜೆ ಮಾಡುವವರು ಬೇಜಾರಾಗಬೇಡಿ, ಮೊದಲು ಅನ್ನ ಹಾಕಿದ್ದು ಬಾಚಣಿಗೆಯೇ.

1949ರಲ್ಲಿ ಫರ್ಗ್ಯುಸನ್ ಟಿಇ20 ಟ್ರ್ಯಾಕ್ಟರಿನ ಪುಟ್ಟ ಮಾದರಿ ಮಾಡಿಕೊಡುವ ಕೆಲಸ ಸಿಕ್ಕಿತು. ಫರ್ಗ್ಯುಸನ್ ಮಾರಾಟ ಪ್ರತಿನಿಧಿಗಳು ಗಿರಾಕಿಗೆ ತೋರಿಸೋಕೆ. ಕೈಯಲ್ಲಿ ಜೋಡಿಸಿ ಕೊಡೋದು ದುಬಾರಿ ಬೀಳ್ತಿತ್ತು. ಭಾಗಗಳನ್ನು ಬಿಡಿಯಾಗಿಯೇ ವುಲ್‌ವರ್ತ್ಸ್ ಅಂಗಡಿಗಳಲ್ಲಿ ಮಾರಿದರೆ ಜೋಡಿಸುವ ಖರ್ಚು ಗಿರಾಕಿಯದ್ದು! ಏರ್‌ಫಿಕ್ಸ್ ಕಿಟ್ ಹುಟ್ಟಿದ್ದು ಹೀಗೆ, ಹವ್ಯಾಸದ ಪ್ರೀತಿಯಿಂದಲ್ಲ.

#3 ಪೀಣ್ಯ_ಡೈಮೇಕರ್

ಆ ಟ್ರ್ಯಾಕ್ಟರ್ ಸೆಲ್ಯುಲೋಸ್ ಅಸಿಟೇಟ್‌ದು, ಅದನ್ನು ಮರೀಬೇಡಿ. ಅಸಿಟೇಟ್ ಗಾಳಿಯ ತೇವ ಹೀರುತ್ತೆ, ವರ್ಷ ಕಳೆದ ಹಾಗೆ ಕುಗ್ಗಿ ಸೊಟ್ಟಗಾಗುತ್ತೆ. ಇವತ್ತು ಸಿಗುವ ಹಳೇ ಟ್ರ್ಯಾಕ್ಟರುಗಳು ವಾಲಿ ನಿಂತಿರೋದು ಅದಕ್ಕೇ, ಜೋಡಿಸಿದವರ ತಪ್ಪಲ್ಲ. ಆಮೇಲೆ ಹಿಡಿದದ್ದು ಪಾಲಿಸ್ಟೈರೀನ್. ತೇವ ಹೀರಲ್ಲ, ಸುಮಾರು 200-230 ಡಿಗ್ರಿ ಸೆಲ್ಸಿಯಸ್‌ಗೆ ಸಲೀಸಾಗಿ ಹರಿದು ಸಣ್ಣ ಗೆರೆಗೂ ತುಂಬುತ್ತೆ, ದ್ರಾವಕದ ಅಂಟು ಹಚ್ಚಿದರೆ ಎರಡು ಭಾಗ ಕರಗಿ ಒಂದೇ ಆಗುತ್ತೆ.

ತಣಿಯುವಾಗ ಅದೂ ಕುಗ್ಗುತ್ತೆ, ಆದರೆ 0.4ರಿಂದ 0.7 ಶೇಕಡಾದೊಳಗೆ. 1/72 ಸ್ಪಿಟ್‌ಫೈರಿನ (ಬ್ರಿಟಿಷ್ ಯುದ್ಧವಿಮಾನ) ರೆಕ್ಕೆ 156 ಮಿ.ಮೀ. ಅಂತಿಟ್ಟುಕೊಂಡರೆ ಅಚ್ಚನ್ನು ಮುಕ್ಕಾಲು ಮಿ.ಮೀ.ನಷ್ಟು ದೊಡ್ಡದಾಗಿ ಕಡೀಬೇಕು. ದಪ್ಪ ಜಾಗ ನಿಧಾನ ತಣಿಯೋದರಿಂದ ಅಲ್ಲಿ ಮೇಲ್ಮೈ ಒಳಕ್ಕೆ ಎಳೆದುಕೊಂಡು ಗುಳಿ ಬೀಳುತ್ತೆ. ರೆಕ್ಕೆಯ ಒಳಗೆ ಗೂಟ ಇರುವ ಜಾಗದ ನೇರ ಹೊರಗಡೆ ಬೆರಳಾಡಿಸಿ ನೋಡಿ, ಗುಳಿ ಸಿಕ್ಕೇ ಸಿಗುತ್ತೆ.

#1ರಲ್ಲಿ ಕೇಳಿದ ಪೊರೆಗೆ ಫ್ಲ್ಯಾಶ್ ಅಂತಾರೆ. ಡೈ ಅಂದರೆ ಉಕ್ಕಿನ ಅಚ್ಚು, ಅದು ಎರಡು ಹೋಳು. ಯಂತ್ರ ಅವೆರಡನ್ನೂ ಒತ್ತಿ ಹಿಡಿದು ನಡುವೆ ಪ್ಲಾಸ್ಟಿಕ್ ನುಗ್ಗಿಸುತ್ತೆ. ಲಕ್ಷಗಟ್ಟಲೆ ಸಲ ತೆರೆದು ಮುಚ್ಚಿದ ಮೇಲೆ ಹೋಳುಗಳು ಕೂಡುವ ಅಂಚು ಸವೆಯುತ್ತೆ. ಕೂದಲೆಳೆಯಷ್ಟು ಸಂದಿ ಸಿಕ್ಕರೂ ಪ್ಲಾಸ್ಟಿಕ್ ಅಲ್ಲಿಗೆ ಹಿಂಡಿಕೊಳ್ಳುತ್ತೆ. ಹೊಸ ಡೈನಲ್ಲೂ ಒತ್ತಿ ಹಿಡಿಯುವ ಬಲ ಸಾಲದಿದ್ದರೆ ಫ್ಲ್ಯಾಶ್ ಬರಬಹುದು, ಆದರೆ ಹಳೇ ಡೈನಲ್ಲಿ ಬಹುತೇಕ ವಯಸ್ಸಿನದ್ದೇ ಕಾಯಿಲೆ.

#4 ಹಳೇಸ್ಪ್ರೂ

ಚೆನ್ನಾಗಿ ಹೇಳಿದಿರಿ ಸರ್. ಆ ಪಾಲಿಸ್ಟೈರೀನಿಗೆ ಹೋದದ್ದೂ ವುಲ್‌ವರ್ತ್ಸ್ ದೆಸೆಯಿಂದಲೇ. 1950ರ ದಶಕದ ಮೊದಲರ್ಧದಲ್ಲಿ ವುಲ್‌ವರ್ತ್ಸ್‌ನ ಖರೀದಿ ಅಧಿಕಾರಿ ಜಿಮ್ ರಸ್ಸನ್, ಫ್ರಾನ್ಸಿಸ್ ಡ್ರೇಕ್‌ನ 'ಗೋಲ್ಡನ್ ಹೈಂಡ್' ಹಡಗಿನ ಕಿಟ್ ಮಾಡಿ ಅಂತ ಸೂಚಿಸಿದರು. ಬೆಲೆ 2 ಶಿಲಿಂಗ್ ದಾಟಬಾರದು. ರಟ್ಟಿನ ಪೆಟ್ಟಿಗೆ ಹಾಕಿದರೆ ಗಿಟ್ಟಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಭಾಗ ತುಂಬಿ, ಬಾಯಿಗೆ ಮಡಿಸಿದ ಕಾಗದ ಪಿನ್ ಹೊಡೆದು, ಆ ಕಾಗದದ ಹಿಂದೆಯೇ ಜೋಡಿಸುವ ವಿಧಾನ ಅಚ್ಚು ಹಾಕಿದರು. ಸಂಗ್ರಾಹಕರು ಹುಡುಕಾಡುವ ಆ 'ಚೀಲದ ಕಿಟ್' ಹುಟ್ಟಿದ್ದು ಬರೀ ಕಾಸು ಉಳಿಸೋಕೆ.

#5 ಕಡಲತೀರ

ಮಾರಾಯ್ರೇ, ಒಂದು ಲೆಕ್ಕ ಕೂಡಿ ಬರುವುದಿಲ್ಲ. 2003ರಲ್ಲಿ ಕಂಪನಿಯವರು ಮೊದಲ ಸ್ಪಿಟ್‌ಫೈರ್ ಕಿಟ್‌ಗೆ 50 ವರ್ಷ ಅಂತ ಹಬ್ಬ ಮಾಡಿದ್ದಾರೆ. ಕೆಲವರು ಆ ಕಿಟ್ 1955ರದ್ದು ಅಂತ ಬರೆಯುತ್ತಾರೆ. ಯಾವುದು ಸರಿ?

#6 ಹಳೇಸ್ಪ್ರೂ

1955ರ ಕಡೆಗೇ ಹೆಚ್ಚು ಒಲವು. ಹಾಗೆ ನೋಡಿದರೆ ಕಂಪನಿ ತನ್ನ ಹಬ್ಬವನ್ನು ಎರಡು ವರ್ಷ ಮೊದಲೇ ಮಾಡಿಬಿಡ್ತು. ಆ ಸ್ಪಿಟ್‌ಫೈರ್ ಅಮೆರಿಕದ ಅರೋರಾ ಕಂಪನಿಯ 1/48 ಕಿಟ್ಟನ್ನು 1/72ಕ್ಕೆ ಇಳಿಸಿದ ನಕಲು. ಬದಿಯ ಅಕ್ಷರ 'ಬಿಟಿ-ಕೆ' ಇದ್ದದ್ದರಿಂದ ಇವತ್ತಿಗೂ ಅದನ್ನು ಬಿಟಿಕೆ ಅಂತಲೇ ಕರೀತಾರೆ. ಇದು ಮಾರಾಟ ಆಗಲ್ಲ ಅಂತ ಕೋವ್ ಹಟ ಹಿಡಿದು, ಅಚ್ಚಿನ ಖರ್ಚನ್ನು ವಿನ್ಯಾಸ ಮಾಡಿದವರಿಂದಲೇ ವಸೂಲಿ ಮಾಡ್ತೀನಿ ಅಂತ ಹೆದರಿಸಿದ್ದೂ ಉಂಟು. ಕಿಟ್ ಭರ್ಜರಿಯಾಗಿ ಹೋಯ್ತು. ಕೋವ್ 1958ರಲ್ಲಿ ತೀರಿಕೊಂಡರು. ಮುಂದಿನ ಬೆಳವಣಿಗೆಯೆಲ್ಲ ಆಮೇಲೆ ಕಂಪನಿ ನಡೆಸಿದ ರಾಲ್ಫ್ ಎರ್‌ಮನ್ ಮತ್ತು ಜಾನ್ ಗ್ರೇ ಅವರ ಕಾಲದ್ದು.

#7 ಆರಡಿಗೊಂದಿಂಚು

1/72 ಯಾಕೆ ಅಂತ ಕೇಳುವವರಿಗೆ ನನ್ನ ಹೆಸರೇ ಉತ್ತರ: ಆರು ಅಡಿಗೆ ಒಂದು ಇಂಚು. ಇದು ಏರ್‌ಫಿಕ್ಸ್ ಕಂಡುಹಿಡಿದದ್ದಲ್ಲ, ಫ್ರಾಗ್ ಕಂಪನಿಯ ಪೆಂಗ್ವಿನ್ ಕಿಟ್‌ಗಳು 1936ರಲ್ಲೇ ಈ ಅಳತೆಯಲ್ಲಿದ್ದವು. ಆದರೆ ಅಗ್ಗದ ಬೆಲೆಗೆ ಮನೆಮನೆಗೆ ಮುಟ್ಟಿಸಿದ್ದು ಏರ್‌ಫಿಕ್ಸ್. ಸ್ಪಿಟ್‌ಫೈರಿನ ನಿಜವಾದ ರೆಕ್ಕೆ 11.23 ಮೀಟರ್: 1/72ರಲ್ಲಿ 156 ಮಿ.ಮೀ., 1/48ರಲ್ಲಿ 234, 1/24ರಲ್ಲಿ 468.

ಟ್ಯಾಂಕು, ಸೈನಿಕರ ವಿಷಯದಲ್ಲಿ ಹುಷಾರು. ಏರ್‌ಫಿಕ್ಸ್‌ನ ಹಳೇ ಸಣ್ಣ ಟ್ಯಾಂಕುಗಳು 1/76, ಅಂದರೆ ಅಡಿಗೆ 4 ಮಿ.ಮೀ., ಬ್ರಿಟಿಷ್ ಆಟಿಕೆ ರೈಲಿನ ಅಳತೆ. 1961ರ ಶರ್ಮನ್, ಪ್ಯಾಂಥರ್ ಎಲ್ಲ ಇದೇ ಲೆಕ್ಕ. ಬೇರೆ ಕಂಪನಿಯ 1/72 ಟ್ಯಾಂಕಿನ ಪಕ್ಕ ಇಟ್ಟರೆ ಏನೋ ಸಣ್ಣಗೆ ಕಾಣುತ್ತಲ್ಲ ಅನ್ನಿಸೋದು ಕಣ್ಣಿನ ಭ್ರಮೆಯಲ್ಲ, ಶೇಕಡಾ 5ರಷ್ಟು ಸಣ್ಣದೇ. ಆ ಪುಟ್ಟ ಸೈನಿಕರು ಪಾಲಿಸ್ಟೈರೀನೂ ಅಲ್ಲ, ಮೆತ್ತಗಿನ ಪಾಲಿಥೀನ್. ಕಿಟ್ ಅಂಟು ಹಿಡಿಯಲ್ಲ, ಬಗ್ಗಿಸಿದರೆ ಬಣ್ಣ ಚಕ್ಕೆ ಏಳುತ್ತೆ.

#8 ಹಳೇಸ್ಪ್ರೂ

ಒಳ್ಳೇ ಕಾಲ ಅಂದರೆ 1960ರಿಂದ 1970ರ ದಶಕದ ನಡುವಿನವರೆಗೆ. ಏರ್‌ಫಿಕ್ಸ್ ಮ್ಯಾಗಜೀನ್ 1960ರಲ್ಲಿ ಶುರು, 1993ರವರೆಗೆ ನಡೀತು. 1962ರಲ್ಲಿ ಕಿಟ್‌ಮಾಸ್ಟರ್ ಕಂಪನಿಯ ರೈಲು ಅಚ್ಚುಗಳನ್ನು ಕೊಂಡರು. ಅವುಗಳಲ್ಲಿ ಹಲವು ಮುಂದೆ ಡಾಪೋಲ್ ಕೈಸೇರಿದವು. 1964ರಿಂದ 1974ರವರೆಗೆ ಪೆಟ್ಟಿಗೆಯ ಚಿತ್ರ ಬರೆದವರು ರಾಯ್ ಕ್ರಾಸ್. ಆ ಚಿತ್ರಗಳ ಮೋಡಿ ಎಂಥದ್ದು ಅಂದರೆ ಒಳಗಿನ ಪ್ಲಾಸ್ಟಿಕ್ ಸುಮಾರಾಗಿದ್ದರೂ ಪೆಟ್ಟಿಗೆಗೇ ದುಡ್ಡು ಕೊಡುವವರಿದ್ದಾರೆ. ಆಮೇಲಿನ ಮುದ್ರಣಗಳಲ್ಲಿ ಅದೇ ಚಿತ್ರದಿಂದ ಬಾಂಬು, ಬೆಂಕಿ, ಹೊಗೆ ಅಳಿಸಿದರು. ಗುರಿಯಿಲ್ಲದೆ ಗುಂಡು ಹಾರಿಸುತ್ತಿರುವ ವಿಮಾನ ಕಂಡರೆ ಅದು ಅಂಥದ್ದೇ. 1970ರಲ್ಲಿ 1/24ರ ಸ್ಪಿಟ್‌ಫೈರ್ ಬಂತು, ರೆಕ್ಕೆ ತುದಿಯಿಂದ ತುದಿಗೆ ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ. ಹಿಂದೆಯೇ ಮೆಸರ್‌ಸ್ಮಿಟ್ 109, ಮಸ್ಟಾಂಗ್, ಹರಿಕೇನ್, ಹ್ಯಾರಿಯರ್.

#9 ಧಾರವಾಡ್_ಡೆಕಲ್

ಇಷ್ಟೆಲ್ಲಾ ಹೇಳಿದ್ರಿ, ರಿವೆಟ್ (ತಗಡು ಕೂಡಸೂ ಮೊಳಿ) ಬಗ್ಗೆ ಯಾರೂ ಹೇಳಲೇ ಇಲ್ಲಲ್ರೀ. ಆ ಕಾಲದ ಏರ್‌ಫಿಕ್ಸ್ ರೆಕ್ಕಿ ಮ್ಯಾಲೆ ರಾಗಿ ಚೆಲ್ಲಿದಂಗ ರಿವೆಟ್ ಇರ್ತಾವ. 1/72ರಾಗ ಅರ್ಧ ಮಿ.ಮೀ. ಅಗಲದ ಗುಬುಟು ಅಂದ್ರ ಖರೇ ವಿಮಾನದಾಗ 36 ಮಿ.ಮೀ., ಬಟ್ಟಲ ಬೋರಲು ಹಾಕಿದಂಗ! ಯಾಕ ಹಂಗ ಮಾಡ್ತಿದ್ರು?

#10 ಪೀಣ್ಯ_ಡೈಮೇಕರ್

ಅಣ್ಣಾ, ಡೈನಲ್ಲಿ ಎಲ್ಲ ಉಲ್ಟಾ. ಉಕ್ಕಿನಲ್ಲಿ ಗೆರೆ ಕೊರೆದರೆ ಪ್ಲಾಸ್ಟಿಕ್ಕಿನಲ್ಲಿ ಅದು ಉಬ್ಬು. ಉಕ್ಕಿನಲ್ಲಿ ಚುಕ್ಕಿ ಕುಕ್ಕಿದರೆ ಪ್ಲಾಸ್ಟಿಕ್ಕಿನಲ್ಲಿ ರಿವೆಟ್. ಕೊರೆಯೋದು, ಕುಕ್ಕೋದು ಕೈಗೆ ಸುಲಭದ ಕೆಲಸ. ಪ್ಲಾಸ್ಟಿಕ್ಕಿನಲ್ಲಿ ಗೆರೆ ಒಳಗಿಳೀಬೇಕು ಅಂದರೆ ಉಕ್ಕಿನಲ್ಲಿ ಕೂದಲಷ್ಟು ತೆಳು ಏಣು ಬಿಟ್ಟು ಸುತ್ತಲಿನದೆಲ್ಲ ತೆಗೀಬೇಕು. ಕೈಯಲ್ಲಿ ಅದು ಭಾರೀ ಕಷ್ಟ. ಸ್ಪಾರ್ಕ್ ಇರೋಷನ್ (ವಿದ್ಯುತ್ ಕಿಡಿಯಿಂದ ಉಕ್ಕು ಸವೆಸೋದು), ಕಂಪ್ಯೂಟರ್ ಕಟಿಂಗ್ ಬಂದ ಮೇಲೆ ಆ ಏಣು ಬಿಡೋದು ಸಲೀಸಾಯ್ತು. ಅದಕ್ಕೇ ಉಬ್ಬು ಗೆರೆ ಕಂಡರೆ ಹಳೇ ಡೈ ಅನ್ನೋ ಅಂದಾಜು ಸಾಮಾನ್ಯವಾಗಿ ತಪ್ಪಲ್ಲ.

#11 ಹಳೇಸ್ಪ್ರೂ

ಈಗ ಬೀಳುವ ಕಥೆ. 1971ರಲ್ಲಿ ಆಟಿಕೆ ಕಂಪನಿ ಲೈನ್ಸ್ ಬ್ರದರ್ಸ್ ಮುಳುಗಿದಾಗ ಅವರ ಮೆಕ್ಯಾನೊ (ಲೋಹದ ಜೋಡಣೆ ಆಟಿಕೆ), ಡಿಂಕಿ (ಪುಟ್ಟ ಲೋಹದ ಕಾರು) ಎರಡನ್ನೂ ಏರ್‌ಫಿಕ್ಸ್ ಗುಂಪು ಕೊಂಡಿತು. ಕಿಟ್ ವಿಭಾಗ ಸಂಪಾದಿಸಿದ್ದನ್ನು ಬೇರೆ ಆಟಿಕೆಗಳ ನಷ್ಟ ನುಂಗುತ್ತಾ ಹೋಯ್ತು. ಲಿವರ್‌ಪೂಲ್‌ನ ಬಿನ್ಸ್ ರೋಡ್ ಮೆಕ್ಯಾನೊ ಕಾರ್ಖಾನೆಯನ್ನು 1979ರ ನವೆಂಬರ್‌ನಲ್ಲಿ ಮುಚ್ಚಿದಾಗ ಕಾರ್ಮಿಕರು ಪ್ರತಿಭಟನೆಗಿಳಿದರು. 1981ರ ಜನವರಿಯಲ್ಲಿ ಏರ್‌ಫಿಕ್ಸ್ ಗುಂಪೇ ದಿವಾಳಿಯಾಗಿ ರಿಸೀವರ್ ಕೈಗೆ ಹೋಯ್ತು. ಕಿಟ್ ಮಾರಾಟವಾಗದೆ ಮುಳುಗಿದ್ದು ಅಂತ ಬರೆಯುವವರಿದ್ದಾರೆ, ಅದು ತಪ್ಪು. ಸೋದರರ ಸಾಲಕ್ಕೆ ಜಾಮೀನು ನಿಂತವನ ಮನೆ ಹರಾಜಾದ ಹಾಗೆ ಅದು.

ಆಮೇಲೆ ಅಚ್ಚುಗಳ ದೇಶಾಂತರ. ಅಮೆರಿಕದ ಆಹಾರ ಕಂಪನಿ ಜನರಲ್ ಮಿಲ್ಸ್ ತನ್ನ ಬ್ರಿಟಿಷ್ ಶಾಖೆ ಪಾಲಿಟಾಯ್ ಮೂಲಕ ಕೊಂಡು, ಅಚ್ಚುಗಳನ್ನು ಫ್ರಾನ್ಸಿನ ಕ್ಯಾಲೇ ಊರಿಗೆ ಸಾಗಿಸಿತು. ಎಂಪಿಸಿ ಅನ್ನೋ ಅಮೆರಿಕನ್ ಕಿಟ್ ಕಂಪನಿಯೂ ಅವರದ್ದೇ ಆಗಿದ್ದರಿಂದ ಎಂಪಿಸಿ ಅಚ್ಚಿನ ಕಾರುಗಳು ಏರ್‌ಫಿಕ್ಸ್ ಪೆಟ್ಟಿಗೆಯೊಳಗೆ ಬರತೊಡಗಿದವು. 1986ರಲ್ಲಿ ಬಾರ್ಡನ್ ಕಂಪನಿಯ ಹವ್ಯಾಸ ವಿಭಾಗ ಕೊಂಡಿತು. ಹಂಬ್ರಾಲ್ ಬಣ್ಣ, ಫ್ರಾನ್ಸಿನ ಹೆಲರ್ ಕಿಟ್ ಎರಡೂ ಆ ವಿಭಾಗದ್ದೇ, ಅಚ್ಚುಗಳು ನಾರ್ಮಂಡಿಯ ಟ್ರನ್ ಊರಿನ ಹೆಲರ್ ಕಾರ್ಖಾನೆಗೆ. 1994ರಲ್ಲಿ ಮತ್ತೆ ಕೈಬದಲು. 2006ರಲ್ಲಿ ಹೆಲರ್ ಕುಸಿದಾಗ ಕಿಟ್ ಒತ್ತಿಕೊಡುವವರೇ ಇಲ್ಲದೆ ಆಗಸ್ಟ್ 31ಕ್ಕೆ ಹಂಬ್ರಾಲ್ ಕೂಡ ಆಡಳಿತಾಧಿಕಾರಿಗಳ ವಶವಾಯ್ತು. ಅದೇ ನವೆಂಬರ್ 10ರಂದು, ಆಟಿಕೆ ರೈಲಿಗೆ ಹೆಸರಾದ ಹಾರ್ನ್‌ಬಿ, 26 ಲಕ್ಷ ಪೌಂಡಿಗೆ ಏರ್‌ಫಿಕ್ಸ್ ಮತ್ತು ಹಂಬ್ರಾಲ್ ಎರಡನ್ನೂ ಕೊಂಡಿತು. ಅಷ್ಟೂ ಹೆಸರಿಗೆ ಅದು ಜುಜುಬಿ ಹಣ.

#12 ಕಡಲತೀರ

ಹಾರ್ನ್‌ಬಿ ಬಂದ ಮೇಲೆ ತಯಾರಿ ಭಾರತಕ್ಕೆ ಬಂತಲ್ಲ? 2010ರ ದಶಕದ ಪೆಟ್ಟಿಗೆಗಳ ಬದಿಯಲ್ಲಿ 'ಮೇಡ್ ಇನ್ ಇಂಡಿಯಾ' ಅಂತ ಇದೆ. ಹಾಗಾದರೆ ಪ್ಲಾಸ್ಟಿಕ್ ಮೆತ್ತಗೆ ಅನ್ನುವ ದೂರು ನಮ್ಮ ಊರಿನವರ ಮೇಲೋ?

#13 ಪೀಣ್ಯ_ಡೈಮೇಕರ್

ಎರಡು ಬೇರೆ ದೂರುಗಳನ್ನು ಒಂದೇ ಗೋಣಿಗೆ ತುಂಬಬೇಡಿ. ಮೆತ್ತಗಿರೋದು, ಮೂಲೆ ತುಂಬದೆ ಅರೆಬರೆ ಬಂದಿರೋದು, ಗುಳಿ ಬಿದ್ದಿರೋದು ಇವು ಒತ್ತುವ ಕಾರ್ಖಾನೆಯ ಲೆಕ್ಕ: ಯಾವ ದರ್ಜೆಯ ಪ್ಲಾಸ್ಟಿಕ್, ಎಷ್ಟು ಒತ್ತಡ, ಎಷ್ಟು ಹೊತ್ತು ತಣಿಸಿದರು. ಗೆರೆ ತೀರಾ ಅಗಲ, ಆಳ ಆಗಿರೋದು ಡೈ ವಿನ್ಯಾಸದ ಲೆಕ್ಕ. 2010-13ರ ಸುಮಾರಿನ ಏರ್‌ಫಿಕ್ಸ್ 1/72 ವಿಮಾನಗಳ ಗೆರೆಯನ್ನು ಜನ 'ಕಾಲುವೆ' ಅಂತ ಆಡಿಕೊಂಡದ್ದು ಡೈ ಮೇಲಿನ ದೂರು. ಆಮೇಲಿನ ಡೈಗಳಲ್ಲಿ ಗೆರೆ ಬಹಳ ಸುಧಾರಿಸಿದೆ. ಈಚೆಗೆ ಕೆಲವು ಕಿಟ್ ಒತ್ತುವ ಕೆಲಸ ವಾಪಸ್ ಇಂಗ್ಲೆಂಡಿಗೂ ಹೋಗಿದೆ.

#14 ಹಳೇಸ್ಪ್ರೂ

ಈಗ ಎರಡನೇ ಪ್ರಶ್ನೆ, ಅಂಗಡಿಯಲ್ಲಿ ನಿಂತು ಅಚ್ಚಿನ ವಯಸ್ಸು ಹಿಡಿಯೋದು.

ಪೆಟ್ಟಿಗೆಯ ಸಂಖ್ಯೆ ಓದಿ. ಹಾರ್ನ್‌ಬಿ ಕಾಲದ್ದು 'ಎ' ಅಕ್ಷರ, ಐದು ಅಂಕಿ. ಎ01071ಎ ಅಂದರೆ 01 ಶ್ರೇಣಿ, 071 ಕಿಟ್. ಶ್ರೇಣಿ ಬೆಲೆ-ಗಾತ್ರದ ಗುರುತು, ವಯಸ್ಸಿನದ್ದಲ್ಲ. ಕೊನೆಯ 'ಎ' ಅಥವಾ 'ಬಿ' ಅಂದರೆ ಅದೇ ಪ್ಲಾಸ್ಟಿಕ್, ಬೇರೆ ಡೆಕಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ) ಅಥವಾ ಹೊಸ ಪೆಟ್ಟಿಗೆ. ಕೊನೆಗೆ 'ವಿ' ಇದ್ದರೆ ವಿಂಟೇಜ್ ಕ್ಲಾಸಿಕ್ಸ್, ಅಂದರೆ ಹಳೇ ಅಚ್ಚು ಅಂತ ಅವರೇ ಒಪ್ಪಿಕೊಂಡಿದ್ದಾರೆ, ಪ್ರಾಮಾಣಿಕತೆಗೆ ಮೆಚ್ಚಬೇಕು. ಎ55ರಿಂದ ಶುರುವಾದರೆ ಅಂಟು, ಕುಂಚ, ಬಣ್ಣ ಜೊತೆಗಿರುವ ಸ್ಟಾರ್ಟರ್ ಸೆಟ್. 'ಜೆ' ಇದ್ದರೆ ಕ್ವಿಕ್‌ಬಿಲ್ಡ್, ಮಕ್ಕಳ ಇಟ್ಟಿಗೆ ಆಟದ ಹಾಗೆ ಒತ್ತಿ ಕೂರಿಸೋದು, ಅಂಟು ಬೇಡ.

ಪೆಟ್ಟಿಗೆಯ ಚಿತ್ರ ನಂಬಬೇಡಿ. ಆಡಂ ಟೂಬಿ ಅವರ ಥಳಥಳ ಕಂಪ್ಯೂಟರ್ ಚಿತ್ರದ ಒಳಗೂ 1960ರ ದಶಕದ ಪ್ಲಾಸ್ಟಿಕ್ ಬಂದದ್ದಿದೆ. ಬದಿಯಲ್ಲಿ 'ನ್ಯೂ ಟೂಲ್' (ಹೊಸ ಅಚ್ಚು) ಅಂತಿದ್ದರೆ ಒಳ್ಳೇದು. ಬದಿಯ ಫೋಟೋದಲ್ಲಿ ಗೆರೆ ಉಬ್ಬೋ ತಗ್ಗೋ ನೋಡಿ. ಸ್ಕೇಲ್‌ಮೇಟ್ಸ್ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ಅದೇ ಅಚ್ಚು ಯಾವ ಯಾವ ವರ್ಷ ಯಾವ ಹೆಸರಲ್ಲಿ ಬಂತು ಅನ್ನೋ ವಂಶವೃಕ್ಷ ಸಿಗುತ್ತೆ. ಏರ್‌ಫಿಕ್ಸ್ ಹೆಸರಿದ್ದರೂ ಅಚ್ಚು ಬೇರೆಯವರದ್ದಾಗಿರಬಹುದು: ಈಚಿನ 1/35 ಟ್ಯಾಂಕುಗಳಲ್ಲಿ ಹಲವು ಕೊರಿಯಾದ ಅಕಾಡೆಮಿ ಅಚ್ಚು.

#15 ಮರಳುಕಾಗದ

ಮೂರನೇ ಪ್ರಶ್ನೆಗೆ ಬಂದೆ. ಹಳೇ ಅಚ್ಚಿನ ಕಿಟ್ ಕೈಗೆ ಬಂದರೆ:

ಮೊದಲು ಸ್ಪ್ರೂಗಳನ್ನು (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಮೆತ್ತಗಿನ ಬ್ರಷ್‌ನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸೋಕೆ ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಟೇಪಿನ ಜೊತೆ ಎದ್ದು ಬರುತ್ತೆ.

ಭಾಗಕ್ಕೂ ಸ್ಪ್ರೂಗೂ ನಡುವಿನ ಸಣ್ಣ ಕೊಂಡಿಯನ್ನು (ಗೇಟ್) ಭಾಗದಿಂದ 2 ಮಿ.ಮೀ. ದೂರ ಕತ್ತರಿಸಿ, ಉಳಿದದ್ದನ್ನು ಬ್ಲೇಡಿನಲ್ಲಿ ತೆಗೆಯಿರಿ. ನೇರ ಒತ್ತಿ ಕತ್ತರಿಸಿದರೆ ಪ್ಲಾಸ್ಟಿಕ್ ಬೆಳ್ಳಗಾಗಿ ಒಳಗೆ ಗುಳಿ ಬೀಳುತ್ತೆ. ಫ್ಲ್ಯಾಶ್ ತೆಗೆಯೋಕೆ 11ನೇ ನಂಬರಿನ ಹೊಸ ಬ್ಲೇಡನ್ನು ಅಂಚಿಗೆ ಲಂಬವಾಗಿ ಹಿಡಿದು ಕೆರೆಯಿರಿ, ಕೊಯ್ಯಬೇಡಿ. ತೆಂಗಿನಕಾಯಿ ಕರಟ ಹೆರೆದ ಹಾಗೆ, ಮೃದುವಾಗಿ. ಆಮೇಲೆ 400, 600 ನಂಬರಿನ ವಾಟರ್ ಪೇಪರ್‌ಗೆ (ನೀರು ತಡೆಯುವ ಮರಳುಕಾಗದ) ನೀರು ಹಚ್ಚಿ ಉಜ್ಜಿ. ಚಕ್ರದ ಕಾಲು, ಆಂಟೆನಾ ಥರದ ಸಣ್ಣ ಭಾಗಕ್ಕೆ ಪೇಪರ್ ಹಾಕಿದರೆ ಮುರಿಯುತ್ತೆ. ಕೆರೆದ ಮೇಲೆ ತೆಳು ದ್ರಾವಕ ಅಂಟನ್ನು ಕುಂಚದಲ್ಲಿ ಒಂದೇ ಸಲ ಎಳೆದು ಬಿಡಿ, ತರಿ ಕರಗಿ ನುಣುಪಾಗುತ್ತೆ.

ಹೋಳುಗಳು ಪಕ್ಕಕ್ಕೆ ಜಾರಿ ದುಂಡಗಿನ ಕೊಳವೆಯಲ್ಲಿ ಮೆಟ್ಟಿಲು ಬಂದಿದ್ದರೆ ಕೆರೆದು ದುಂಡು ಮಾಡುವ ಆಸೆ ಬಿಡಿ, ಅಷ್ಟರಲ್ಲಿ ಅರ್ಧ ಸವೆದಿರುತ್ತೆ. ಔಷಧಿ ಅಂಗಡಿಯ ಸೂಜಿ ಬಳಸಿ: 21 ಗೇಜ್ ಹೊರವ್ಯಾಸ 0.82 ಮಿ.ಮೀ., 23 ಗೇಜ್ 0.64, 26 ಗೇಜ್ 0.46. ಬಂದೂಕಿನ ನಳಿಗೆ, ಪಿಟೋ ಕೊಳವೆಗೆ (ವಿಮಾನದ ವೇಗ ಅಳೆಯೋದು) ಹೇಳಿ ಮಾಡಿಸಿದ್ದು. ಇಕ್ಕಳದಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆ. ಗಟ್ಟಿ ಹಲಗೆ ಮೇಲೆ ಬ್ಲೇಡಿನ ಕೆಳಗೆ ಉರುಳಿಸುತ್ತಾ ಗೀರು ಹಾಕಿ ಮುರಿಯಿರಿ. ಸೂಜಿ ಹೊಸದಿರಲಿ, ಕಣ್ಣಿಗೆ ಕನ್ನಡಕ ಇರಲಿ.

ಮೇಲ್ಮೈಯಲ್ಲಿ ಬಿದ್ದ ಗುಳಿಯೊಳಕ್ಕೆ ಪುಟ್ಟಿ ಹಾಕಿದರೆ ಒಣಗಿ ಕುಗ್ಗಿ ಮತ್ತೆ ಗುಳಿ. ಸೂಪರ್ ಗ್ಲೂಗೆ ಮುಖದ ಟಾಲ್ಕಂ ಪೌಡರ್ ಸಮ ಸಮ ಬೆರೆಸಿ ತುಂಬಿ, ಒಂದು ಗಂಟೆಯೊಳಗೆ ಉಜ್ಜಿ. ಮರುದಿನಕ್ಕೆ ಬಿಟ್ಟರೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಉಜ್ಜಿದಾಗ ಸುತ್ತಲಿನದು ಸವೆದು ನಡುವೆ ಗುಡ್ಡ ಉಳಿಯುತ್ತೆ. ಮೆತ್ತಗಿನ ಪ್ಲಾಸ್ಟಿಕ್ಕಿನಲ್ಲಿ ಇದು ಖಂಡಿತ ಆಗುವ ತಪ್ಪು.

#16 ಧಾರವಾಡ್_ಡೆಕಲ್

ಉಬ್ಬು ಗೆರಿ ಉಜ್ಜಿದ ಮ್ಯಾಲೆ ಮಾಯ ಆಕ್ಕಾವಲ್ರೀ, ಅದಕ್ಕ ಎರಡು ದಾರಿ ಅದಾವ. ದಪ್ಪ ಲೇಬಲ್ ಟೇಪ್ ಅಂಚಿಗೆ ಸ್ಕ್ರೈಬರ್ (ಗೆರಿ ಕೊರಿಯೂ ಸೂಜಿ) ಇಟ್ಟು ಹೊಸದಾಗಿ ಕೊರಿಯೂದು. ಮೂರು-ನಾಲ್ಕು ಸಲ ಹಗುರಕ ಎಳೀರಿ, ಒಮ್ಮೆಲೆ ಒತ್ತಿದ್ರ ಜಾರ್ತದ. ಇಲ್ಲಂದ್ರ ಸ್ಪ್ರೂ ತುಂಡು ಮೇಣದಬತ್ತಿ ಮ್ಯಾಲೆ ತಿರುಗಿಸ್ಕೋತ ಹಿಡೀರಿ, ಹೊಳಪು ಬಂದು ಜೋತು ಬಿದ್ದಾಗ ಉರಿಯಿಂದ ಹೊರಗ ತಂದು ಎಳೀರಿ. ಕೂದಲಷ್ಟು ಎಳಿ ಬರ್ತದ, ಹೋದ ಗೆರಿ ಜಾಗಾಕ್ಕ ಅಂಟಸ್ರಿ. ಉರಿಯೊಳಗ ಇದ್ದಂಗನ ಎಳದ್ರ ಹರೀತದ.

ಇನ್ನ ಡೆಕಲ್. ಹಳದಿ ಆಗಿದ್ರ ಜಿಪ್ ಚೀಲದಾಗ ಹಾಕಿ ಬಿಸಲು ಬೀಳೂ ಕಿಟಕಿ ಗಾಜಿಗೆ ಅಂಟಸ್ರಿ, ದಿನಾ ನೋಡ್ಕೋತ ಇರ್ರಿ. ಹಳದಿ ಇಳೀತದ, ಆದ್ರ ಒಡಕು ಹೋಗಂಗಿಲ್ಲ. ಬ್ಯಾಡಾದ ಒಂದು ಚಿಕ್ಕ ಡೆಕಲ್ ಕತ್ತರಿಸಿ ಉಗುರುಬೆಚ್ಚಗಿನ ನೀರಾಗ ಅರ್ಧ ನಿಮಿಷ ಇಡ್ರಿ. ಚೂರುಚೂರಾದ್ರ ಪೂರಾ ಹಾಳಿಗೆ ಹೊಳಪು ಕ್ಲಿಯರ್ ಅಥವಾ ಡೆಕಲ್ ಫಿಲ್ಮ್ ತೆಳ್ಳಗ ಹೊಡದು, ಒಂದು ದಿನ ಒಣಗಿಸಿ ಬಳಸ್ರಿ. ಆಗ ಪ್ರತಿ ಗುರುತಿನ ಸುತ್ತಲೂ ನೀವೇ ಕತ್ತರಿಸಬೇಕಾಗ್ತದ, ಯಾಕಂದ್ರ ಹಾಳಿ ತುಂಬ ಒಂದೇ ಪೊರಿ ಆಗಿರ್ತದ.

#17 ಹೊಸಬ_72

ಎಲ್ಲರಿಗೂ ಧನ್ಯವಾದ. ಕಾಲುವೆ ಗೆರೆಯ ಕಿಟ್‌ಗೆ ಏನು ಮಾಡೋದು? ಹಾಗೇ ಬಣ್ಣ ಹೊಡೆದರೆ ತುಂಬಿಕೊಳ್ಳಲ್ವಾ?

#18 ಮರಳುಕಾಗದ

ಬಣ್ಣದಿಂದ ತುಂಬಲ್ಲ. ಮಿಸ್ಟರ್ ಸರ್ಫೇಸರ್ 500 (ದ್ರವ ರೂಪದ ಪುಟ್ಟಿ) ಅನ್ನು ಸಣ್ಣ ಕುಂಚದಲ್ಲಿ ಗೆರೆ ಉದ್ದಕ್ಕೂ ಹರಿಸಿ, ಅರ್ಧ ಗಂಟೆ ಬಿಟ್ಟು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಕಿವಿ ಬಡ್ಸ್‌ನಿಂದ ಗೆರೆಗೆ ಅಡ್ಡಲಾಗಿ ಒರೆಸಿ. ಮೇಲಿನದು ಹೋಗಿ ಒಳಗಿನದು ಉಳಿಯುತ್ತೆ. ಗೆರೆಯ ದಿಕ್ಕಿನಲ್ಲಿ ಒರೆಸಿದರೆ ತುಂಬಿದ್ದೂ ಎದ್ದು ಬರುತ್ತೆ. ಲ್ಯಾಕರ್ ತಿನ್ನರ್ ಬೇಡ, ಪ್ಲಾಸ್ಟಿಕ್ಕನ್ನೇ ತಿನ್ನುತ್ತೆ. ಎರಡು ಸಲ ಮಾಡಿದರೆ ಸಾಕು, ಪೂರ್ತಿ ಮುಚ್ಚಿದರೆ ವಿಮಾನ ಸೋಪಿನ ಬಿಲ್ಲೆ ಥರ ಕಾಣುತ್ತೆ.

#19 ಕಡಲತೀರ

ಕರಾವಳಿಯವರಿಗೆ ಒಂದು ಮಾತು ಸೇರಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಸ್ಪ್ರೇ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ ಮಾರಾಯ್ರೇ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದು ಕಾರಣ. ಎಸಿ ಅಥವಾ ತೇವ ತೆಗೆಯುವ ಯಂತ್ರ ಇರುವ ಕೋಣೆಯಲ್ಲಿ ಹೊಡೆಯಿರಿ, ಇಲ್ಲವಾದರೆ ನಿಧಾನ ಆರುವ ತಿನ್ನರ್ ಬಳಸಿ. ಹಂಬ್ರಾಲ್ ಎನಾಮೆಲ್‌ನ 14 ಮಿ.ಲೀ. ಡಬ್ಬಿಯನ್ನು ತಳದ ಬಣ್ಣ ಏಳುವವರೆಗೆ ಕಲಕಿ, ಮಳೆಗಾಲದಲ್ಲಿ ಎರಡು ಕೋಟ್ ನಡುವೆ ಎರಡು ದಿನ ಬಿಡಿ. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ಉಲ್ಟಾ ತೊಂದರೆ: ಅಕ್ರಿಲಿಕ್ ಕುಂಚದಲ್ಲೇ ಒಣಗುತ್ತದೆ, ಒಣಗೋದನ್ನು ನಿಧಾನ ಮಾಡುವ ರಿಟಾರ್ಡರ್ ಎರಡು ಹನಿ ಬೇಕು.

#20 ಆರಡಿಗೊಂದಿಂಚು

ಎಚ್‌ಎಎಲ್ ಬಗ್ಗೆ ಯಾರಾದರೂ ಕೇಳೇ ಕೇಳ್ತಾರೆ, ಮೊದಲೇ ಹೇಳಿಬಿಡ್ತೀನಿ. ಬೆಂಗಳೂರಿನಲ್ಲಿ ಪರವಾನಗಿ ಪಡೆದು ಕಟ್ಟಿದ್ದು ಒಬ್ಬರೇ ಕೂರುವ ಗ್ನಾಟ್ ಯುದ್ಧವಿಮಾನ, ಅದರಿಂದ ಬೆಳೆದದ್ದು ಅಜೀತ್. ಏರ್‌ಫಿಕ್ಸ್ ಗ್ನಾಟ್ ಮಾತ್ರ ಟಿ.1, ಇಬ್ಬರು ಕೂರುವ ಬ್ರಿಟಿಷ್ ತರಬೇತಿ ವಿಮಾನ. ಹಿಂದಿನ ಸೀಟು ಮುಚ್ಚಿ ಭಾರತೀಯ ವಾಯುಪಡೆಯ ದುಂಡು ಗುರುತು ಅಂಟಿಸಿದರೆ ಸಾಕಲ್ವಾ ಅಂದರೆ ಸಾಕಾಗಲ್ಲ. ಟಿ.1ರ ರೆಕ್ಕೆ 24 ಅಡಿ, ಯುದ್ಧವಿಮಾನದ್ದು 22 ಅಡಿ ಚಿಲ್ಲರೆ: 1/72ರಲ್ಲಿ ಸುಮಾರು 102ಕ್ಕೆ 94 ಮಿ.ಮೀ. ತುದಿ ಕತ್ತರಿಸಿ 8 ಮಿ.ಮೀ. ಕಡಿಮೆ ಮಾಡಬಹುದು, ಆದರೆ ರೆಕ್ಕೆಯ ಆಕಾರವೇ ಬೇರೆ, ಒಡಲೂ ಉದ್ದ. ಬೇರೆ ಕಂಪನಿಯ ಒಂಟಿ ಸೀಟಿನ ಕಿಟ್ ಹುಡುಕೋದು ವಾಸಿ.

ಹಂಟರ್ ಯುದ್ಧವಿಮಾನ ಬೇಕೆಂದರೆ ದಾರಿ ಇದೆ. ವಾಯುಪಡೆಯ ಮಾರ್ಕ್ 56 ಮೂಲದಲ್ಲಿ ಎಫ್.6. ಏರ್‌ಫಿಕ್ಸ್ 2018ರ 1/48 ಎಫ್.6 ಹೊಸ ಅಚ್ಚು, ಗೆರೆಯೂ ಹದವಾಗಿದೆ. ಸೇರಿಸಬೇಕಾದ್ದು ಬಾಲದಲ್ಲಿ, ಜೆಟ್ ಕೊಳವೆಯ ಮೇಲುಗಡೆ ಬ್ರೇಕ್ ಪ್ಯಾರಾಚೂಟಿನ ಗೂಡು. ಎಪಾಕ್ಸಿ ಪುಟ್ಟಿಯಲ್ಲಿ ದುಂಡಗೆ ಮಾಡಿ ಫೋಟೋ ನೋಡಿಕೊಂಡು ತಿದ್ದಿ. ಇದೇ ಅಚ್ಚಿನ ಎಫ್‌ಜಿಎ.9 ಪೆಟ್ಟಿಗೆ ಸಿಕ್ಕರೆ ಅದನ್ನೇ ತಗೊಳ್ಳಿ, ಗೂಡಿನ ಕೆಲಸ ಉಳಿಯುತ್ತೆ.

#21 ಹೊಸಬ_72

ಕೊನೇ ಪ್ರಶ್ನೆ. ಹಳೇ ಕಿಟ್‌ನ ಗಾಜಿನ ಭಾಗ ಗೀರು ಬಿದ್ದು ಮಬ್ಬಾಗಿದೆ. ಎಸೀಬೇಕಾ?

#22 ಮರಳುಕಾಗದ

ಎಸೀಬೇಡಿ. 1500, 2000 ನಂಬರಿನ ವಾಟರ್ ಪೇಪರ್ ನೀರು ಹಚ್ಚಿ ಉಜ್ಜಿ, ಆಮೇಲೆ ಕಾರ್ ಪಾಲಿಶ್ ಕಾಂಪೌಂಡನ್ನು ಹತ್ತಿ ಬಟ್ಟೆಯಲ್ಲಿ ತಿಕ್ಕಿ, ತೊಳೆದು ಒಣಗಿಸಿ, ಹೊಳಪು ಅಕ್ರಿಲಿಕ್ ಕ್ಲಿಯರ್‌ನಲ್ಲಿ ಅದ್ದಿ ತೆಗೆದು, ಟಿಶ್ಯೂ ಮೂಲೆಯಿಂದ ಕೆಳಗಿನ ಹನಿ ಹೀರಿಸಿ, ಧೂಳು ಕೂರದ ಹಾಗೆ ಬಟ್ಟಲು ಬೋರಲು ಮುಚ್ಚಿಡಿ. ಕೂರಿಸುವಾಗ ಸೂಪರ್ ಗ್ಲೂ ಮುಟ್ಟಲೇಬೇಡಿ, ಅದರ ಹೊಗೆಗೆ ಗಾಜು ಬೆಳ್ಳಗಾಗುತ್ತೆ. ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣಲ್ಲ, ತಪ್ಪಿದರೆ ಒದ್ದೆ ಬಡ್ಸ್‌ನಲ್ಲಿ ಒರೆಸಿ ಮತ್ತೆ ಕೂರಿಸಬಹುದು.